ನೆರೆಯೂ ನೆರೆಹೊರೆಯೂ

ಕನ್ನಡದಲ್ಲಿ ‘ನೆರೆ’ ಎಂಬ ಮಾತಿಗೆ ಎರಡು ಅರ್ಥಗಳು ಇಂದಿಗೂ ಬಳಕೆಯಲ್ಲಿವೆ. ಪಕ್ಕದಲ್ಲಿ ವಾಸಿಸುವವರ ಸಾಮೀಪ್ಯ ಒಂದು. ದಡ ಮೀರಿ ಬರುವ ನೀರು ಇನ್ನೊಂದು. ಎರಡರ ಮೂಲವೂ ಒಂದೇ ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಆ ಕೆಲಸವನ್ನು ನಿಘಂಟುಕಾರರಿಗೆ ಬಿಡೋಣ. ತರಗತಿಯಲ್ಲಿ ನಾನಾರ್ಥಗಳ ಪಾಠ ಬಂದಾಗ ಈ ಉದಾಹರಣೆಯನ್ನು ಹೇಳಿ ವಿದ್ಯಾರ್ಥಿಗಳನ್ನು ನಗಿಸುವುದು ನನ್ನ ಹಳೆಯ ಪರಿಪಾಠ. ಆದರೆ ಕಳೆದ ಕೆಲವು ತಿಂಗಳುಗಳಿಂದ ಆ ಎರಡು ಅರ್ಥಗಳೂ ನಮ್ಮ ಬೀದಿಯಲ್ಲಿ ಒಂದೇ ಪ್ರಶ್ನೆಯ ಎರಡು ಮುಖಗಳಾಗಿ ನಿಂತುಬಿಟ್ಟಿರುವುದರಿಂದ, ಉದಾಹರಣೆ ಮೊದಲಿನಷ್ಟು ನಗೆ ತರುತ್ತಿಲ್ಲ.

ಸಂಗತಿ ಇಷ್ಟು. ನಾನು ವಾಸವಾಗಿರುವುದು ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಬಡಾವಣೆಯೊಂದರಲ್ಲಿ. ಬೀದಿಯು ದಿಣ್ಣೆಯ ಮೇಲಿನಿಂದ ಹೊರಟು, ಮೆಲ್ಲಗೆ ಇಳಿಯುತ್ತ, ಹಿಂದೊಮ್ಮೆ ಕೆರೆಯ ಅಂಗಳವಾಗಿದ್ದ ತಗ್ಗನ್ನು ಸೇರುತ್ತದೆ. ದಿಣ್ಣೆಯ ಮೇಲೆ ಒಂದು ಎಕರೆಯಷ್ಟು ವಿಸ್ತಾರದ ಹಿತ್ತಿಲು. ನಡುವೆ ಹೆಂಚಿನ ಮನೆ. ಸುತ್ತ ಮಾವು, ಹಲಸು, ತೆಂಗು, ಬೇವು ಎಲ್ಲ ಸೇರಿ ಮೂವತ್ತೆರಡು ಮರಗಳು. ಮನೆಯ ಹಿರಿಯರು ಕಾಲವಾದ ಮೇಲೆ ಮಕ್ಕಳು ಜಾಗವನ್ನು ಮಾರಲು ನಿಶ್ಚಯಿಸಿದರು. ಅವರನ್ನು ದೂರುವಂತಿಲ್ಲ. ಮೂವರು ಮಕ್ಕಳು ಮೂರು ಊರುಗಳಲ್ಲಿ ನೆಲೆಸಿರುವಾಗ ಒಂದು ಹೆಂಚಿನ ಮನೆಯನ್ನು ಮೂರಾಗಿ ಪಾಲುಮಾಡಿಕೊಳ್ಳುವುದು ಹೇಗೆ? ಅಲ್ಲಿ ಈಗ ಅರವತ್ತು ಮನೆಗಳ ಒಂದು ಅಪಾರ್ಟ್‌ಮೆಂಟು ಏಳಬೇಕೆಂಬ ಪ್ರಸ್ತಾಪವಿದೆ. ನೆಲಮಟ್ಟದಲ್ಲಿ ಕಾರುಗಳಿಗೆ ಸ್ಥಳ. ಅದರ ಮೇಲೆ ಐದು ಅಂತಸ್ತುಗಳು.

ಸುದ್ದಿ ತಿಳಿದ ವಾರವೇ ಬೀದಿಯವರು ಸಭೆ ಸೇರಿದರು. ‘ನೀವು ಕನ್ನಡ ಮೇಷ್ಟರಲ್ಲವೇ, ಮನವಿಯನ್ನು ನೀವೇ ಬರೆದುಕೊಡಿ’ ಎಂದು ಲೇಖನಿಯನ್ನು ನನ್ನ ಕೈಗಿತ್ತರು. ಕನ್ನಡ ಅಧ್ಯಾಪಕನ ಪಾಲಿಗೆ ಇಂಥ ಗೌರವಗಳು ಆಗಾಗ ಬರುತ್ತಿರುತ್ತವೆ: ಮದುವೆಯ ಕರೆಯೋಲೆ, ಬಿನ್ನವತ್ತಳೆ, ಶ್ರದ್ಧಾಂಜಲಿ, ಈಗ ಆಕ್ಷೇಪಣಾಪತ್ರ. ಒಬ್ಬೊಬ್ಬರೂ ತಮ್ಮ ತಮ್ಮ ಆತಂಕಗಳನ್ನು ಹೇಳುತ್ತ ಹೋದರು. ನಾನು ಬರೆದುಕೊಳ್ಳುತ್ತ ಹೋದೆ. ಕುಡಿಯುವ ನೀರು ಸಾಲದು, ಒಳಚರಂಡಿ ತಾಳದು, ಮರಗಳು ಹೋಗುತ್ತವೆ, ಬಿಸಿಲು ಬರುವುದಿಲ್ಲ, ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವಿರುವುದಿಲ್ಲ, ಎರಡು ವರ್ಷ ಧೂಳು ಕುಡಿಯಬೇಕು, ಮೇಲಿನ ಅಂತಸ್ತಿನವರಿಗೆ ನಮ್ಮ ಅಡಿಗೆಮನೆ ಕಾಣುತ್ತದೆ. ಕೊನೆಗೆ, ಕೊಂಚ ದನಿ ತಗ್ಗಿಸಿ ಹೇಳಿದ ಮಾತೊಂದಿತ್ತು: ‘ಬರುವವರು ಎಂಥವರೋ ಏನೋ! ಯಾವ ಭಾಷೆಯವರೋ, ಏನು ತಿನ್ನುವವರೋ! ಬಡಾವಣೆಯ ಸಂಸ್ಕೃತಿಗೆ ಧಕ್ಕೆಯಾಗುತ್ತದೆ ಎಂದು ಬರೆಯಿರಿ ಮೇಷ್ಟರೇ.’

ಆ ರಾತ್ರಿ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತಾಗ ನನಗೆ ಹೊಳೆದದ್ದು, ಇವೆಲ್ಲ ಒಂದೇ ಜಾತಿಯ ಆಕ್ಷೇಪಗಳಲ್ಲ ಎಂಬುದು. ಕೆಲವು ನೆಲ, ನೀರು, ಬೆಳಕುಗಳಿಗೆ ಸಂಬಂಧಿಸಿದವು, ಅಳೆದು ನೋಡಬಹುದಾದವು. ಒಂದು ಮಾತ್ರ ಮನುಷ್ಯರಿಗೆ ಸಂಬಂಧಿಸಿದ್ದು. ಅದನ್ನು ಅಳೆಯುವ ಕೋಲು ಇಲ್ಲ. ಎರಡನ್ನೂ ಒಂದೇ ಕಾಗದದಲ್ಲಿ ಬರೆದರೆ ಎರಡನೆಯದು ಮೊದಲನೆಯದರ ಬೆಲೆಯನ್ನೂ ಕೆಡಿಸುತ್ತದೆ.

ಸಂಸ್ಕೃತಿಯ ಮಾತನ್ನೇ ಮೊದಲು ನೋಡೋಣ. ಬೆಂಗಳೂರಿನ ಹಳೆಯ ಬಡಾವಣೆಗಳೆಂದು ನಾವು ಅಭಿಮಾನಪಡುವ ಬಸವನಗುಡಿ, ಮಲ್ಲೇಶ್ವರಗಳು ಅನಾದಿಯವೇನಲ್ಲ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಕೇರಿಗಳಲ್ಲಿ ಜನ ಸಾಯತೊಡಗಿದ ಮೇಲೆ, ಗಾಳಿ ಬೆಳಕುಗಳಿರುವ ಅಗಲವಾದ ಬೀದಿಗಳ ಈ ಹೊಸ ವಸತಿಗಳಿಗೆ ಜನ ಬಂದು ನೆಲೆಸಿದರು. 1945ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ವಿಶ್ವಸ್ತ ಮಂಡಲಿ ಏರ್ಪಟ್ಟಿತು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿತ್ತು. ಆ ಒಂದೊಂದು ಬಡಾವಣೆಯ ಕೆಳಗೂ ಯಾರದೋ ಹೊಲವಿತ್ತು, ಯಾವುದೋ ಹಳ್ಳಿಯ ಗೋಮಾಳವಿತ್ತು. ಅಂದು ರಾಗಿ ಬೆಳೆಯುತ್ತಿದ್ದವರು ‘ಬರುವವರು ಎಂಥವರೋ’ ಎಂದು ಕೇಳಿದ್ದರೆ, ಆ ‘ಎಂಥವರು’ ನಮ್ಮ ಅಜ್ಜಂದಿರೇ ಆಗಿದ್ದರು. ಇಷ್ಟೇ ಅಲ್ಲ, ಹಳೆಯ ಬಡಾವಣೆಗಳಲ್ಲಿ ಜಾತಿಗೊಂದು ಭಾಗವನ್ನು ಗುರುತಿಸಿ ನಿವೇಶನಗಳನ್ನು ಹಂಚಿದ್ದೂ ಉಂಟು. ನೆರೆಯವನನ್ನು ಆರಿಸಿಕೊಳ್ಳುವ ಆಸೆ ಹೊಸದಲ್ಲ; ಅದು ನಕ್ಷೆಯಲ್ಲಿಯೇ ಒಮ್ಮೆ ಬರೆದಿಟ್ಟ ಆಸೆ. ಕಾಲ ಅದನ್ನು ಬಹುಮಟ್ಟಿಗೆ ಅಳಿಸಿದೆ. ಅಳಿಸಿದ್ದನ್ನು ಮತ್ತೆ ಬರೆಯುವ ಕೆಲಸಕ್ಕೆ ನನ್ನ ಲೇಖನಿ ಬೇಡವೆನಿಸಿತು.

1951ರ ಜನಗಣತಿಯ ಹೊತ್ತಿಗೆ 8 ಲಕ್ಷವನ್ನೂ ಮುಟ್ಟದಿದ್ದ ಊರು, 2011ರ ಹೊತ್ತಿಗೆ 80 ಲಕ್ಷವನ್ನು ದಾಟಿತು. ಈ ಜನವೆಲ್ಲ ಎಲ್ಲಿಯಾದರೂ ಇರಲೇಬೇಕಲ್ಲವೆ? ಊರು ಅಗಲಕ್ಕೆ ಬೆಳೆಯಬೇಕು, ಇಲ್ಲವೆ ಎತ್ತರಕ್ಕೆ ಬೆಳೆಯಬೇಕು, ಮೂರನೆಯ ದಾರಿಯಿಲ್ಲ. ಒಂದೇ ಕಟ್ಟಡದ ಬೇರೆ ಬೇರೆ ಅಂತಸ್ತುಗಳಲ್ಲಿ ಬೇರೆ ಬೇರೆ ಒಡೆಯರು ಇರಬಹುದೆಂಬುದನ್ನು ನಮ್ಮ ರಾಜ್ಯದ ಕಾನೂನು 1972ರಷ್ಟು ಹಿಂದೆಯೇ ಒಂದು ಪ್ರತ್ಯೇಕ ಕಾಯಿದೆಯ ಮೂಲಕ ಮನ್ನಿಸಿತು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕಟ್ಟಿದ ಕಾಲದಲ್ಲಿ ಮನೆಗೊಂದು ನೆಲವಿತ್ತು. ಇಂದು ಶಾಲೆಯ ಉಪಾಧ್ಯಾಯನೊಬ್ಬ, ಆಸ್ಪತ್ರೆಯ ದಾದಿಯೊಬ್ಬಳು ನಮ್ಮ ಬೀದಿಯಲ್ಲಿ ನೆಲವನ್ನು ಕೊಂಡು ಮನೆ ಕಟ್ಟುವುದು ಕನಸಿನ ಮಾತು. ಅವರು ಇಲ್ಲಿಗೆ ಬರುವುದಾದರೆ ಅಂತಸ್ತಿನ ಮೇಲೆಯೇ ಬರಬೇಕು.

ಹೀಗೆಂದ ಮಾತ್ರಕ್ಕೆ ಉಳಿದ ಆತಂಕಗಳು ಹುರುಳಿಲ್ಲದವೆಂದು ಭಾವಿಸಬಾರದು. ನೀರಿನ ಲೆಕ್ಕವನ್ನು ನಾನೇ ಹಾಕಿ ನೋಡಿದೆ. ಅದಕ್ಕೆ ಗಣಿತಶಾಸ್ತ್ರದ ಪದವಿ ಬೇಕಾಗಿಲ್ಲ. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರು ನೀರು ಬೇಕೆಂಬುದು ನಮ್ಮ ದೇಶದ ಇಂಜಿನಿಯರರು ಒಪ್ಪಿ ಬಳಸುವ ಅಳತೆ. ಅರವತ್ತು ಮನೆ, ಮನೆಗೆ ನಾಲ್ವರಂತೆ 240 ಜನ. ದಿನಕ್ಕೆ 32,400 ಲೀಟರು. 6,000 ಲೀಟರಿನ ಟ್ಯಾಂಕರಿನಲ್ಲಿ ತಂದರೆ ಐದೂವರೆ ಸಲ ಬರಬೇಕು. ಇದರಲ್ಲಿ ನೂರಕ್ಕೆ ಎಂಬತ್ತು ಭಾಗ ಕೊಳೆನೀರಾಗಿ ಹೊರಬರುತ್ತದೆಂಬುದೂ ರೂಢಿಯ ಲೆಕ್ಕವೇ. ಅಂದರೆ ಸುಮಾರು 26,000 ಲೀಟರು ದಿನವೂ ನಮ್ಮ ಬೀದಿಯ ಹಳೆಯ ಕೊಳವೆಯಲ್ಲಿ ಇಳಿಯಬೇಕು. ಒಂದು ಕುಟುಂಬಕ್ಕೆಂದು ಹೂಳಿದ್ದ ಕೊಳವೆ ಅರವತ್ತು ಕುಟುಂಬಗಳನ್ನು ಹೊತ್ತೀತೇ?

ಕುಡಿಯುವ ನೀರಾದರೂ ಎಲ್ಲಿಯದು? ಕಾವೇರಿಯ ನೀರು 1974ರಲ್ಲಿ ಮೊದಲು ಈ ಊರಿಗೆ ಬಂದಿತು. ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ, ಮೂರು ಹಂತಗಳಲ್ಲಿ ಯಂತ್ರಗಳಿಂದ ಏರಿಸಿ ತರುವ ನೀರು ಅದು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರು ತರುವ ಏರ್ಪಾಡಾಯಿತು. ಅದೇ ವರ್ಷದ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಬಿಂದಿಗೆ ಹಿಡಿದು ಸಾಲು ನಿಂತ ಜನರನ್ನು ನಾವೆಲ್ಲರೂ ಕಂಡಿದ್ದೇವೆ. ಒಂದು ಬೀದಿಗೆ ಹೊಸದಾಗಿ 240 ಜನ ಬರುವಾಗ ನೀರು ಎಲ್ಲಿಂದ ಎಂದು ಕೇಳುವುದು ಅತಿಥಿಗೆ ಬಾಗಿಲು ಮುಚ್ಚುವುದಲ್ಲ. ಎಲೆ ಹಾಕುವ ಮುನ್ನ ಅನ್ನ ಎಷ್ಟಿದೆಯೆಂದು ನೋಡುವುದು.

ಇನ್ನು ಮಳೆಯ ನೀರು. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಒಂದು ಸಂಜೆ 50 ಮಿಲಿಮೀಟರು ಮಳೆ ಸುರಿದರೆ ಆ ಹಿತ್ತಿಲಿನ ಮೇಲೆ ಬೀಳುವುದು ಎರಡು ಲಕ್ಷ ಲೀಟರು. ಇಷ್ಟು ಕಾಲ ಆ ನೀರಿನ ಒಂದು ದೊಡ್ಡ ಪಾಲನ್ನು ಮರದ ಬುಡಗಳೂ ಎಲೆಗೊಬ್ಬರ ತುಂಬಿದ ಮಣ್ಣೂ ಕುಡಿಯುತ್ತಿದ್ದುವು. ನಾಳೆ ಅಲ್ಲಿ ಕಾಂಕ್ರೀಟು ಹಾಸಿದರೆ ನೀರಿಗೆ ಉಳಿಯುವುದು ಒಂದೇ ದಾರಿ, ಇಳಿಜಾರು. ಮಳೆನೀರಿನ ಕೊಯ್ಲು ಬೆಂಗಳೂರಿನಲ್ಲಿ 2009ರಿಂದ ಕಡ್ಡಾಯವೆಂಬುದು ನಿಜ. ಆದರೆ ಕಾಯಿದೆಯಲ್ಲಿರುವ ತೊಟ್ಟಿಗೂ ನೆಲದಲ್ಲಿರುವ ತೊಟ್ಟಿಗೂ ಅಂತರವಿರುತ್ತದೆ.

ಇಳಿಜಾರಿನ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ನಮ್ಮ ಸಭೆಗೆ ಮೇಲಿನ ಬೀದಿಯವರು ಬಂದಿದ್ದರು, ನಡುವಿನ ಬೀದಿಯವರು ಬಂದಿದ್ದರು; ತಗ್ಗಿನವರಿಗೆ ಯಾರೂ ಹೇಳಿ ಕಳುಹಿಸಿರಲಿಲ್ಲ. ಅವರ ವಠಾರ ಬಡಾವಣೆಯ ಎಲ್ಲೆಗೆ ಸೇರಿದುದಲ್ಲವೆಂಬ ಭಾವನೆ. ಮನವಿಗೆ ರುಜು ಕೇಳಲು ನಾನೂ ಇಬ್ಬರು ಸಂಗಡಿಗರೂ ಅಲ್ಲಿಗೆ ಹೋದೆವು. ಹೂವು ಕಟ್ಟಿ ಮಾರುವ ಹಿರಿಯ ಹೆಂಗಸೊಬ್ಬರು ತಮ್ಮ ಮನೆಯ ಗೋಡೆಯನ್ನು ತೋರಿಸಿದರು. ನೆಲದಿಂದ ಒಂದು ಮೊಳ ಎತ್ತರದಲ್ಲಿ ಗೋಡೆಯುದ್ದಕ್ಕೂ ಕಂದುಬಣ್ಣದ ಗೆರೆ. ‘ಮೇಲಿನವರು ಅಂಗಳಕ್ಕೆಲ್ಲ ಕಲ್ಲು ಹಾಸಿಕೊಂಡ ಮೇಲೆ ಈ ನೀರು ಬರೋದಕ್ಕೆ ಶುರುವಾಯಿತು ಸ್ವಾಮಿ. ಅಪಾರ್ಟ್‌ಮೆಂಟು ಇನ್ನೂ ಬಂದೇ ಇಲ್ಲವಲ್ಲ?’ ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ನಮ್ಮ ಮನವಿಯಲ್ಲಿ ಎಲ್ಲಿಯೂ ಇಲ್ಲದ ಲೆಕ್ಕ. ಮೇಲಿನ ಬೀದಿಗೆ ಆತಂಕವೆಂದರೆ ಬರಲಿರುವ ನೆರೆಯವರು. ಕೆಳಗಿನವರಿಗೆ ಆಗಲೇ ಬಂದು ಹೋಗಿರುವ ನೆರೆ.

ಈ ತಗ್ಗು ದಿಣ್ಣೆಗಳ ಲೆಕ್ಕ ನಮ್ಮ ಬೀದಿಯೊಂದಕ್ಕೇ ಸೇರಿದುದಲ್ಲ, ಇಡೀ ಬೆಂಗಳೂರಿನದು. ನದಿಯಿಲ್ಲದ ಈ ಎತ್ತರದ ನೆಲದಲ್ಲಿ ಹಿಂದಿನವರು ತಗ್ಗು ಕಂಡಲ್ಲೆಲ್ಲ ಕೆರೆ ಕಟ್ಟಿ, ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ಕಾಲುವೆ ತೆಗೆದರು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ, ಕರಗದ ಆಚರಣೆಗೆಂದು ಒಂದು ಸಣ್ಣ ಕೊಳ ಉಳಿದಿದೆ. ಊರಿನ ಒಡಲಲ್ಲಿದ್ದ ಕೆರೆಗಳು ಹೀಗಾದರೆ, ಹೊರವಲಯದ ಕೆರೆಗಳ ಅಂಚುಗಳೂ ರಾಜಕಾಲುವೆಗಳ ದಡಗಳೂ ಮನೆಗಳಾದವು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆಗಳಲ್ಲಿ ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಜನರನ್ನು ಸಾಗಿಸಬೇಕಾಯಿತು. ಕೋಟಿಗಟ್ಟಲೆ ಬೆಲೆಬಾಳುವ ಮನೆಗಳವರೂ ಗುಡಿಸಲುಗಳವರೂ ಒಂದೇ ನೀರಿನಲ್ಲಿ ನಿಂತರು.

ಇದನ್ನು ನೆನೆದಾಗ ನಮ್ಮ ‘ಬೇಡ’ ಎಂಬ ಮಾತಿನ ಮುಂದಿನ ಪಯಣ ಕಣ್ಣಿಗೆ ಕಾಣುತ್ತದೆ. ದಿಣ್ಣೆಯ ಮೇಲಿರುವ, ಬಸ್ಸು ಓಡಾಡುವ, ಶಾಲೆ ಆಸ್ಪತ್ರೆಗಳು ಹತ್ತಿರವಿರುವ ನಮ್ಮಂಥ ಬಡಾವಣೆಯಲ್ಲಿ ಅರವತ್ತು ಮನೆಗಳು ಬೇಡವೆಂದರೆ, ಆ ಅರವತ್ತು ಮನೆಗಳು ಇಲ್ಲವಾಗುವುದಿಲ್ಲ. ಅವು ಊರಾಚೆ ಹದಿನೈದು ಇಪ್ಪತ್ತು ಮೈಲಿ ದೂರದಲ್ಲಿ, ಬಹುಶಃ ಯಾವುದೋ ಕೆರೆಯ ಕೋಡಿಯಲ್ಲಿ, ನಮ್ಮಂತೆ ಸಭೆ ಸೇರಿ ಮನವಿ ಬರೆಯಲಾರದ ಜನರ ಪಕ್ಕದಲ್ಲಿ ಏಳುತ್ತವೆ. ನಮ್ಮ ಬೀದಿಯ ನೆಮ್ಮದಿ ಅವರ ಬೀದಿಯ ನೆರೆಯಾಗುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆ ‘ಬರಬೇಕೇ ಬೇಡವೇ’ ಎಂಬುದಲ್ಲ. ‘ಹೇಗೆ ಬರಬೇಕು’ ಎಂಬುದು.

ಆದರೆ ಈ ‘ಹೇಗೆ’ ಎಂಬುದನ್ನು ನೆರೆಯವನು ಯಾರ ಮುಂದೆ ಕೇಳಬೇಕು? ತೊಡಕಿರುವುದು ಇಲ್ಲಿ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರನ್ನು ಮುಟ್ಟಿದರೆ ಪರಿಸರದ ಅನುಮತಿ ಬೇಕೆಂದು ಕೇಂದ್ರ ಸರ್ಕಾರದ 2006ರ ಅಧಿಸೂಚನೆ ವಿಧಿಸಿತು. ಆದರೆ ಗಣಿಗಳಿಗೂ ದೊಡ್ಡ ಕಾರ್ಖಾನೆಗಳಿಗೂ ಇರುವ ಸಾರ್ವಜನಿಕ ವಿಚಾರಣೆಯಿಂದ ಕಟ್ಟಡಗಳಿಗೆ ಅದೇ ಅಧಿಸೂಚನೆ ವಿನಾಯಿತಿ ಕೊಟ್ಟಿತು. ನಮ್ಮ ಬೀದಿಯ ಕಟ್ಟಡವಂತೂ ಆ ಅಳತೆಯ ಅರ್ಧವನ್ನೂ ತಲಪುವುದಿಲ್ಲ. ಮರಗಳ ರಕ್ಷಣೆಗೆ 1976ರ ಕಾಯಿದೆಯಿದೆ. ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯುವುದಾದರೆ ವೃಕ್ಷಾಧಿಕಾರಿಯು ಸಾರ್ವಜನಿಕರ ಆಕ್ಷೇಪಗಳನ್ನು ಕರೆಯಬೇಕು. ನಮ್ಮಲ್ಲಿರುವುದು ಮೂವತ್ತೆರಡು. ಯಾವ ಬಾಗಿಲಿಗೆ ಹೋದರೂ ನಾವು ಹೊಸ್ತಿಲಿಗಿಂತ ಒಂದು ಗೇಣು ಕುಳ್ಳರು.

ಕಟ್ಟಡ ಎಷ್ಟು ಎತ್ತರ ಏಳಬಹುದೆಂಬುದು ನಿವೇಶನದ ವಿಸ್ತಾರವನ್ನೂ ಎದುರಿನ ರಸ್ತೆಯ ಅಗಲವನ್ನೂ ನೋಡಿ ನಿಶ್ಚಯವಾಗುವ ಸಂಗತಿ. ಅದನ್ನು ವಿಧಿಸುವುದು ನಗರದ ಮಹಾಯೋಜನೆ. ರಸ್ತೆಯ ಕೆಳಗೆ ಹೂಳಿರುವ ಕೊಳವೆಯ ಅಗಲವನ್ನು ಆ ಲೆಕ್ಕದಲ್ಲಿ ಹಿಡಿಯುವುದಿಲ್ಲ! 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ಯೋಜನೆಯ ಕರಡನ್ನು ಜನರ ಮುಂದಿಟ್ಟು ಸಲಹೆಗಳನ್ನು ಕೇಳಬೇಕು. 2015ನೆಯ ಇಸವಿಗೆಂದು ರಚಿತವಾದ ಯೋಜನೆಗೆ 2007ರಲ್ಲಿ ಒಪ್ಪಿಗೆ ದೊರೆಯಿತು. 2031ರವರೆಗಿನ ಮುಂದಿನ ಕರಡು 2017ರಲ್ಲಿ ಪ್ರಕಟವಾಗಿ, ಸಾವಿರಾರು ಆಕ್ಷೇಪಗಳನ್ನು ಎದುರಿಸಿ, ಕೊನೆಗೆ ಕೈಬಿಟ್ಟುಹೋಯಿತು. ಹೀಗಾಗಿ ನಮ್ಮ ಬೀದಿಯಲ್ಲಿ ಎಷ್ಟು ಅಂತಸ್ತು ಏಳಬಹುದೆಂಬ ತೀರ್ಪು ಹೆಂಚಿನ ಮನೆಯ ಹಿರಿಯರು ಜಗುಲಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದ ಕಾಲದಲ್ಲಿಯೇ ಆಗಿಹೋಗಿತ್ತು. ಆಗ ಕೇಳಬೇಕಾದುದನ್ನು ನಾವು ಈಗ, ಗುಂಡಿ ತೋಡುವ ಯಂತ್ರ ಬಾಗಿಲಿಗೆ ಬರುವ ಹೊತ್ತಿನಲ್ಲಿ ಕೇಳುತ್ತಿದ್ದೇವೆ. ಇನ್ನು ಪಾಲಿಕೆಯ ಸದಸ್ಯರ ಮೂಲಕ ಹೇಳಿಸೋಣವೆಂದರೆ, 2020ರ ಸೆಪ್ಟೆಂಬರಿನಲ್ಲಿ ಅವರ ಅವಧಿ ಮುಗಿದ ಮೇಲೆ ಊರು ಚುನಾಯಿತರಿಲ್ಲದೆ ವರ್ಷಗಳನ್ನು ಕಳೆಯಿತು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದಾಗಿ ಒಡೆಯಿತು. ಮನೆಯ ಯಜಮಾನ ಯಾರೆಂದು ತಿಳಿಯದಿರುವಾಗ ಬಾಗಿಲು ಬಡಿಯುವವನ ಪಾಡು ನಮ್ಮದು.

ನೆರೆಯವನಿಗೆ ಕೊನೆಯಲ್ಲಿ ತಡೆಯುವ ಹಕ್ಕಿಗಿಂತ ಮೊದಲಿನಲ್ಲಿ ಕೇಳಿಸಿಕೊಳ್ಳುವ ಹಕ್ಕು ಮುಖ್ಯವೆಂಬುದು ಈ ಓಡಾಟದಿಂದ ನನಗಾದ ನಿಶ್ಚಯ. ನಕ್ಷೆ ಬರೆಯುವ ಮುನ್ನವೇ ಬೀದಿಯವರನ್ನು ಕರೆದು, ಕೊಳವೆ ಎಷ್ಟು ಅಗಲ, ಕಾಲುವೆ ಎತ್ತ ಹರಿಯುತ್ತದೆ, ಯಾವ ಮರ ಉಳಿಯುತ್ತದೆ ಎಂದು ಅವರ ಮುಂದೆ ಹೇಳುವ ಕಟ್ಟುಪಾಡು ಇದ್ದಿದ್ದರೆ, ಭಯ ಇಷ್ಟು ಬಗೆಯ ವೇಷಗಳನ್ನು ತೊಡುತ್ತಿರಲಿಲ್ಲ. ನೀರಿನ ಪ್ರಶ್ನೆಗೆ ಉತ್ತರ ಸಿಕ್ಕದ ಕಡೆ ಮನುಷ್ಯ ಸಂಸ್ಕೃತಿಯ ಮಾತನ್ನು ಎತ್ತುತ್ತಾನೆ.

ಮನವಿಯ ಕರಡನ್ನು ಎರಡನೆಯ ಸಭೆಯಲ್ಲಿ ಓದಿದೆ. ಸಂಸ್ಕೃತಿಯ ವಾಕ್ಯವಿರಲಿಲ್ಲ. ‘ಹಾಗಾದರೆ ನೀವು ಕಟ್ಟುವವರ ಕಡೆಯೋ?’ ಎಂದು ಒಬ್ಬರು ನೇರವಾಗಿಯೇ ಕೇಳಿದರು. ಬರುವ ಅರವತ್ತು ಮನೆಗಳಲ್ಲಿ ಒಂದರಲ್ಲಿ ನಮ್ಮ ಮಗಳೇ ಬಂದು ಇರಬಹುದಲ್ಲವೆ, ಅವಳ ಕಣ್ಣಿಗೂ ಬೀಳುವಂಥ ಕಾಗದವನ್ನು ಬರೆಯೋಣ ಎಂದೆ. ಮಾತು ಬಹಳ ಹೊತ್ತು ನಡೆಯಿತು. ಹನ್ನೊಂದು ಮಂದಿ ರುಜು ಹಾಕದೆ ಎದ್ದುಹೋದರು. ಅವರಲ್ಲಿ ಇಬ್ಬರು ನನ್ನ ಇಪ್ಪತ್ತು ವರ್ಷಗಳ ಸ್ನೇಹಿತರು. ಬೆಳಗಿನ ತಿರುಗಾಟದಲ್ಲಿ ಈಗ ಅವರು ಎದುರಿನ ಬದಿಯಲ್ಲಿ ನಡೆಯುತ್ತಾರೆ. ಇದು ನನಗೆ ಹಗುರವಾದ ನಷ್ಟವಲ್ಲ. ತಗ್ಗಿನ ವಠಾರದಿಂದ ಇಪ್ಪತ್ತಮೂರು ರುಜುಗಳು ಬಂದುವು, ಮೂರು ಹೆಬ್ಬೆಟ್ಟಿನವು.

ಕಚೇರಿಗೆ ಸಲ್ಲಿಸಿದ ಕಾಗದದಲ್ಲಿ ಇರುವುದು ಆರು ಬೇಡಿಕೆಗಳು. ಕಟ್ಟಡಕ್ಕೆ ಒಪ್ಪಿಗೆ ಕೊಡುವ ಮುನ್ನ ಬೀದಿಯ ಒಳಚರಂಡಿಯ ಕೊಳವೆಯನ್ನು ಅಳೆದು, ಬೇಕಾದರೆ ಬದಲಾಯಿಸಬೇಕು. ಅದರ ವೆಚ್ಚ ಕಟ್ಟುವವರದಾಗಬೇಕು. ನಿವೇಶನದ ಮೇಲೆ ಬೀಳುವ ಮಳೆಯನ್ನು ನಿವೇಶನದಲ್ಲಿಯೇ ಇಂಗಿಸುವ ಬಾವಿಗಳನ್ನು ಮೊದಲು ತೋಡಿ, ಆಮೇಲೆ ತಳಪಾಯ ತೆಗೆಯಬೇಕು. ಮೇರೆಯುದ್ದಕ್ಕೂ ಇರುವ ಹದಿನಾಲ್ಕು ಮರಗಳು ಕಟ್ಟಡಕ್ಕೆ ಅಡ್ಡಬರುವುದಿಲ್ಲವಾದುದರಿಂದ ಅವನ್ನು ಉಳಿಸಬೇಕು. ನೀರು ಎಲ್ಲಿಂದ ಎಂಬುದನ್ನು ಮನೆ ಕೊಳ್ಳುವವರಿಗೂ ಬೀದಿಯವರಿಗೂ ಬರೆದು ತಿಳಿಸಬೇಕು. ಕಾರುಗಳು ಕಟ್ಟಡದ ಒಳಗೇ ನಿಲ್ಲಬೇಕು. ಆರನೆಯದನ್ನು ಸೇರಿಸಿದ್ದು ತಗ್ಗಿನಿಂದ ಬಂದ ಮೇಲೆ: ಬೀದಿಯ ಹಳೆಯ ಮನೆಗಳವರು, ರುಜು ಹಾಕಿದ ನಾವೆಲ್ಲರೂ, ನಮ್ಮ ಅಂಗಳದ ಹಾಸುಗಲ್ಲಿನ ಒಂದು ಭಾಗವನ್ನಾದರೂ ಕಿತ್ತು ಮಣ್ಣನ್ನು ಮತ್ತೆ ಮಳೆಗೆ ತೆರೆಯುತ್ತೇವೆ. ಬೇಡಿಕೆಗಳ ಪಟ್ಟಿಯಲ್ಲಿ ವಾಗ್ದಾನವೊಂದು ಏಕೆ ಬಂದಿತೆಂದು ಕಚೇರಿಯ ಗುಮಾಸ್ತರು ಕೇಳಿದರು. ಅದು ನಮ್ಮನ್ನು ನಾವೇ ಬೇಡಿಕೊಂಡದ್ದು ಎಂದೆ. ಅವರು ನಕ್ಕು ಮೊಹರು ಒತ್ತಿದರು.

ಉತ್ತರ ಇನ್ನೂ ಬಂದಿಲ್ಲ. ಕಟ್ಟಡ ಏಳುವುದು ಬಹುಮಟ್ಟಿಗೆ ಖಂಡಿತ. ನಮ್ಮ ಆರರಲ್ಲಿ ಎಷ್ಟು ನಡೆದಾವೋ ಹೇಳಲಾರೆ. ಆರನೆಯದು ಮಾತ್ರ ಯಾರ ಒಪ್ಪಿಗೆಗೂ ಕಾಯಬೇಕಾದುದಲ್ಲ. ಈವರೆಗೆ ಒಂಬತ್ತು ಮನೆಗಳವರು ಕಲ್ಲು ಎತ್ತಿಸಿದ್ದಾರೆ. ಮೊನ್ನೆಯ ಮಳೆ ಅಂಥ ದೊಡ್ಡದೇನಲ್ಲ. ಅದರಿಂದ ಏನನ್ನೂ ಸಾಧಿಸಿ ತೋರಿಸುವಂತಿಲ್ಲ. ಹೂವಿನವರನ್ನು ಕೇಳಿದರೆ, ‘ಆಷಾಢ ಕಳೆಯಲಿ, ಆಮೇಲೆ ಗೋಡೆ ನೋಡಿ ಹೇಳ್ತೀನಿ’ ಎಂದರು.